ಸೀಸದ ಊರಿನ ಮಗು

ಆ ಮಗು ನಮ್ಮ ಮನೆಗೆ ಬಂದದ್ದು ಒಂದು ಜನವರಿಯಲ್ಲಿ. ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾವಾಗ ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ, ಕೌನ್ಸಿಲ್, ಎಂದರೆ ಅಲ್ಲಿನ ನಗರಸಭೆ, ಕೊಟ್ಟ ಹಳೆಯ ಮನೆಯೊಂದರಲ್ಲಿದ್ದೆವು. ನನ್ನ ಗಂಡ ಹೀಥ್ರೂ ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ನಾನು ಧಾರವಾಡದಿಂದ ಮದುವೆಯಾಗಿ ಬಂದವಳು. ಮಗಳು ದೊಡ್ಡ ಶಾಲೆಗೆ ಸೇರಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುವ ವಯಸ್ಸಿಗೆ ಬಂದ ಮೇಲೆ ನಾನು ಚೈಲ್ಡ್‌ಮೈಂಡರ್ ಆದೆ. ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಹಗಲು ನನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ಕೆಲಸ ಅದು. ಕೌನ್ಸಿಲ್‌ನವರು ಬಂದು ಮನೆ ನೋಡಿ, ಮೆಟ್ಟಿಲಿಗೆ ಗೇಟು ಹಾಕಿಸಿ, ಅನುಮತಿ ಕೊಟ್ಟಿದ್ದರು.

ಆ ಮಗುವಿನ ತಾಯಿ ವಿಮಾನಗಳ ಒಳಗನ್ನು ಸ್ವಚ್ಛ ಮಾಡುವ ಗುಂಪಿನಲ್ಲಿದ್ದಳು. ಸ್ಟಾಫ್ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಅಳುತ್ತಿದ್ದವಳನ್ನು ನನ್ನ ಗಂಡ ಮಾತಾಡಿಸಿದ್ದರು. ಜಾಂಬಿಯಾದವಳು, ಮೂವತ್ತರೊಳಗಿನ ಹೆಂಗಸು. ಹಾಲು ಬಿಡಿಸಿದ ಕೂಸನ್ನು ಊರಿನಲ್ಲಿ ತನ್ನ ತಾಯಿಯ ಕೈಗೆ ಕೊಟ್ಟು ಲಂಡನ್ನಿಗೆ ಬಂದಿದ್ದಳಂತೆ. ಈಗ, ನಾಲ್ಕು ತುಂಬಿದ ಮೇಲೆ, ಪರಿಚಯದವರೊಬ್ಬರ ಜೊತೆ ಮಗಳನ್ನು ಕರೆಸಿಕೊಂಡಿದ್ದಳು. ಮಗುವಿಗೆ ತಾಯಿಯ ಗುರುತು ಸಿಕ್ಕಿರಲಿಲ್ಲ. ಅದಕ್ಕೆ ಆ ಅಳು.

ಮರುದಿನವೇ ಮಗುವನ್ನು ಕರೆದುಕೊಂಡು ಬಂದಳು. ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ. ಕೋಟಿನ ಗುಂಡಿ ಬಿಚ್ಚಲು ಹೋದರೆ ಮಗು ನನ್ನ ಮುಖವನ್ನೇ ನೋಡುತ್ತ ನಿಂತಿತು, ಬೇಡವೆನ್ನಲಿಲ್ಲ, ಹ್ಞೂಂ ಎನ್ನಲಿಲ್ಲ.

“ತುಂಬಾ ಸುಮ್ಮನಿರೋ ಮಗು, ಸಿಸ್ಟರ್,” ಎಂದಳು ತಾಯಿ. ಮೊದಲ ದಿನದಿಂದಲೂ ನನ್ನನ್ನು ಅವಳು ಸಿಸ್ಟರ್ ಎಂದೇ ಕರೆದಳು. “ನಿಮಗೆ ತೊಂದರೆ ಕೊಡಲ್ಲ.”

ತೊಂದರೆ ಕೊಡಲಿಲ್ಲ, ನಿಜ. ಆಗ ನನ್ನ ಬಳಿ ಇನ್ನಿಬ್ಬರು ಮಕ್ಕಳಿದ್ದರು. ಅವರು ಮನೆ ತುಂಬ ಓಡಾಡಿ ಗದ್ದಲ ಮಾಡುವಾಗ ಈ ಹುಡುಗಿ ಗೋಡೆಗೆ ಬೆನ್ನು ಕೊಟ್ಟು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಕೂತಿರುತ್ತಿತ್ತು. ಅನ್ನ ಕಲಸಿ ಬಾಯಿಗಿಟ್ಟರೆ ಒಂದು ತುತ್ತು ನುಂಗಿ ಸಾಕೆಂದು ತಲೆ ಆಡಿಸುತ್ತಿತ್ತು. ನಡೆಯುವಾಗ ಕಾಲು ಎಲ್ಲಿ ಇಡಬೇಕೆಂದು ಗೊತ್ತಾಗದವರ ಹಾಗೆ ತಡವರಿಸುತ್ತಿತ್ತು. ಹೊಸ ಜಾಗ, ಚಳಿ, ಹೊಸ ಮಾತು, ಅದಕ್ಕೇ ಹೀಗೆ ಎಂದುಕೊಂಡೆ.

ಒಂದು ಮಧ್ಯಾಹ್ನ ಬಿಸಿಲು ಬಂದಿತ್ತೆಂದು ಮಕ್ಕಳನ್ನು ಹಿತ್ತಲಿಗೆ ಬಿಟ್ಟೆ. ಒಳಗೆ ಹೋಗಿ ಟೊಪ್ಪಿಗೆ ತರುವಷ್ಟರಲ್ಲಿ ಆ ಹುಡುಗಿ ಬೇಲಿಯ ಬದಿಯ ಪಾತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿತ್ತು. ಬೆರಳಿನಿಂದ ಮಣ್ಣು ಕೆದಕಿ, ಉಂಡೆ ಮಾಡಿ, ಅವಸರವಿಲ್ಲದೆ ತಿನ್ನುತ್ತಿತ್ತು. ತಟ್ಟೆಯ ಮುಂದೆ ಎಂದೂ ಕಾಣದ ಸಮಾಧಾನ ಆ ಮುಖದಲ್ಲಿತ್ತು.

ಗಂಡ ಮನೆಗೆ ಬಂದಾಗ ಹೇಳಿದೆ. “ರೀ, ಆ ಕೂಸು ಮಣ್ಣ ತಿಂತದ.”

“ನಮ್ಮೂರಾಗ ತಿಂತಿದ್ದಿಲ್ಲೇನು ಹುಡುಗ್ರು? ಹೊಟ್ಟ್ಯಾಗ ಹುಳ ಆಗಿರಬೇಕು. ಡಾಕ್ಟರಿಗೆ ತೋರ್ಸು ಅಂತ ಹೇಳು ಆಕಿಗೆ.”

ತಾಯಿಗೆ ಹೇಳಿದೆ. ಅವಳು ಮಗುವನ್ನು ಜಿಪಿಯ, ಎಂದರೆ ಆ ಬಡಾವಣೆಯ ಡಾಕ್ಟರ ಬಳಿ ಕರೆದೊಯ್ದಳು. ರಕ್ತ ಕಮ್ಮಿ ಇದೆ, ಕಬ್ಬಿಣದ ಔಷಧ ಕುಡಿಸಿ ಎಂದು ಅವರು ಬಾಟಲಿ ಬರೆದುಕೊಟ್ಟರು. ಕುಡಿಸುತ್ತಿದ್ದೆವು. ಹೊಟ್ಟೆನೋವು ಹೆಚ್ಚಾಯಿತು. ಫೆಬ್ರವರಿಯ ಆರಂಭದಲ್ಲಿ, ಮಕ್ಕಳಿಗೆ ಊಟಕ್ಕೆ ಹಾಕುತ್ತಿದ್ದಾಗ, ಹುಡುಗಿ ಕುರ್ಚಿಯಿಂದ ಪಕ್ಕಕ್ಕೆ ವಾಲಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಕೈಕಾಲು ಸೆಟೆದು ಅದುರತೊಡಗಿದವು. ನಾನು ನೆಲದ ಮೇಲೆ ಮಲಗಿಸಿ, ತಲೆಯ ಕೆಳಗೆ ನನ್ನ ಕೈ ಇಟ್ಟುಕೊಂಡೇ ಫೋನಿನ ಬಳಿಗೆ ಹೇಗೆ ಸರಿದೆನೋ ಈಗ ನೆನಪಿಲ್ಲ. ಆಂಬ್ಯುಲೆನ್ಸ್ ಬರುವವರೆಗೂ ಫಿಟ್ಸ್ ನಿಲ್ಲಲಿಲ್ಲ. ಉಳಿದಿಬ್ಬರು ಮಕ್ಕಳು ಚಮಚ ಹಿಡಿದು ಹಾಗೇ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು, ಬೆನ್ನುಹುರಿಯ ನೀರು ತೆಗೆದರು, ಮಲೇರಿಯಾ ಇದೆಯೇ ಎಂದು ನೋಡಿದರು. ಕಡೆಗೆ ಯಾರಿಗೋ ಹೊಳೆದು ಮಾಡಿಸಿದ ಒಂದು ಪರೀಕ್ಷೆಯಲ್ಲಿ ಸಿಕ್ಕಿತು. ಮಗುವಿನ ರಕ್ತದಲ್ಲಿ ಸೀಸವಿತ್ತು. ಸ್ವಲ್ಪ ಅಲ್ಲ, ಇಷ್ಟೊಂದು ಸೀಸವನ್ನು ಮಗುವಿನಲ್ಲಿ ತಾವು ಎಂದೂ ಕಂಡಿಲ್ಲ ಎಂದು ಅಲ್ಲಿನ ವೈದ್ಯರು ತಾಯಿಗೆ ಹೇಳಿದರಂತೆ.

ಸೀಸ ಎಲ್ಲಿಂದ ಬಂತು? ಮಗು ಹಗಲೆಲ್ಲ ಇರುತ್ತಿದ್ದುದು ನನ್ನ ಮನೆಯಲ್ಲಿ. ಹೀಗಾಗಿ ಎರಡು ದಿನದೊಳಗೆ ಕೌನ್ಸಿಲ್‌ನವರು ನನ್ನ ಮನೆಯ ಬಾಗಿಲು ತಟ್ಟಿದರು. ಒಬ್ಬಳು ಹೆಂಗಸು, ಒಬ್ಬ ಗಂಡಸು. ಗಂಡಸಿನ ಕೈಯಲ್ಲಿ ಗೋಡೆಯ ಬಣ್ಣಕ್ಕೆ ಒತ್ತಿ ನೋಡುವ ಯಂತ್ರವಿತ್ತು. ಕಿಟಕಿಯ ಚೌಕಟ್ಟು, ಬಾಗಿಲು, ಮೆಟ್ಟಿಲ ಕಟಾಂಜನ, ಒಂದನ್ನೂ ಬಿಡಲಿಲ್ಲ. ಪಾತಿಯ ಮಣ್ಣನ್ನು ಚೀಲಕ್ಕೆ ತುಂಬಿಕೊಂಡರು. ನಲ್ಲಿಯ ನೀರು ಹಿಡಿದುಕೊಂಡರು. ಆಮೇಲೆ ಹೆಂಗಸು ಅಡುಗೆಮನೆಗೆ ಬಂದು ಮೆತ್ತಗೆ ಕೇಳಿದಳು. “ನೀವು ಹಣೆಗೆ ಹಚ್ಚಿಕೊಳ್ಳುವ ಕೆಂಪು ಪುಡಿ ಇದೆಯಲ್ಲ, ಅದನ್ನು ಸ್ವಲ್ಪ ನೋಡಬಹುದೇ? ಕಣ್ಣಿಗೆ ಹಚ್ಚುವುದು?”

ಕುಂಕುಮದ ಭರಣಿ ತಂದುಕೊಟ್ಟೆ. ಕಾಡಿಗೆಯ ಡಬ್ಬಿ ಕೊಟ್ಟೆ. ಅರಿಶಿನ, ಖಾರದ ಪುಡಿ, ಅವ್ವ ಕಳಿಸಿದ ಹಿತ್ತಾಳೆಯ ಪಾತೇಲಿ, ಎಲ್ಲವನ್ನೂ ಅವರು ಬೇರೆ ಬೇರೆ ಚೀಲಗಳಲ್ಲಿ ಹಾಕಿ ಚೀಟಿ ಅಂಟಿಸಿದರು. ವಿಚಾರಣೆ ಮುಗಿಯುವವರೆಗೂ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಹೇಳಿ ಹೋದರು. ಅವರ ಮಾತಿನಲ್ಲಿ ಗದರಿಕೆ ಇರಲಿಲ್ಲ. ಆದರೆ ಆ ಸಂಜೆ ಉಳಿದಿಬ್ಬರು ಮಕ್ಕಳ ತಾಯಂದಿರು ಬಂದು ಬಾಗಿಲಲ್ಲೇ ನಿಂತು ಮಕ್ಕಳ ಚಪ್ಪಲಿ, ಕೋಟು ತೆಗೆದುಕೊಂಡು ಹೋದರು. ಒಬ್ಬಳು ಮಗನ ಕೈಯನ್ನು ಅಲ್ಲಿಯೇ, ನನ್ನ ಎದುರಿಗೇ, ಒದ್ದೆ ಟಿಶ್ಯೂನಿಂದ ಒರೆಸಿದಳು.

“ದೇವರ ಮುಂದಿನ ಕುಂಕುಮಾನೂ ಒಯ್ದ್ರೇನು?” ಎಂದರು ಗಂಡ. ನಾನು ಹೌದೆಂದೆ. ಅವರು ಬಟ್ಟೆ ಬದಲಿಸದೆ ತುಂಬ ಹೊತ್ತು ಸೋಫಾದ ಮೇಲೆ ಕೂತಿದ್ದರು.

ನನ್ನನ್ನು ಆ ದಿನಗಳಲ್ಲಿ ಹೆದರಿಸಿದ್ದು ಕೌನ್ಸಿಲ್ ಅಲ್ಲ. ಮಗುವಿನ ತಾಯಿ ನನ್ನನ್ನು ಹೇಗೆ ನೋಡುತ್ತಾಳೋ ಎಂಬುದು. ಆಸ್ಪತ್ರೆಗೆ ಹೋಗಲೋ ಬೇಡವೋ ಎಂದು ಒದ್ದಾಡಿ ಕಡೆಗೆ ಹೋದೆ. ವಾರ್ಡಿನಲ್ಲಿ ಅವಳು ಮಗುವಿನ ಮಂಚದ ಪಕ್ಕ ಕೂತಿದ್ದಳು. ಏರ್‌ಪೋರ್ಟಿನ ಸಮವಸ್ತ್ರ ಮೈಮೇಲೇ ಇತ್ತು. ನನ್ನನ್ನು ಕಂಡು ಎದ್ದು ಬಂದು ನನ್ನ ಹೆಗಲಿಗೆ ಹಣೆ ಇಟ್ಟಳು. ಅವಳು ನನ್ನನ್ನು ಅನುಮಾನಿಸಿರಲಿಲ್ಲ.

ಅಲ್ಲಿದ್ದ ಮಕ್ಕಳ ಡಾಕ್ಟರೊಬ್ಬರು ಮೈಸೂರಿನವರು. ನನ್ನ ಹೆಸರು ಕೇಳಿ, ಮುಖ ನೋಡಿ, “ನೀವು ಕನ್ನಡದವ್ರಾ?” ಎಂದರು. ನಮ್ಮಿಬ್ಬರನ್ನೂ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಮಗುವಿನ ಮೊಣಕಾಲಿನ ಎಕ್ಸ್‌ರೇಯನ್ನು ದೀಪದ ಹಲಗೆಗೆ ಸಿಕ್ಕಿಸಿದರು. ಎಲುಬಿನ ತುದಿಯಲ್ಲಿ ಬಿಳಿಯ ದಪ್ಪ ಗೆರೆಯಿತ್ತು. ಅದನ್ನು ತೋರಿಸಿ ತಾಯಿಗೆ ಇಂಗ್ಲಿಷಿನಲ್ಲಿ ವಿವರಿಸಿ, ನನಗೂ ಕನ್ನಡದಲ್ಲಿ ಹೇಳಿದರು.

“ನೋಡಿ, ಇದು ನಿನ್ನೆ ಮೊನ್ನೆ ಸೇರಿದ್ದಲ್ಲ. ಎಲುಬು ಬೆಳೀತಾ ಬೆಳೀತಾ ಸೀಸ ಕೂತ್ಕೊಂಡಿದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಆಗಿರೋ ಕೆಲಸ ಇದು. ನಿಮ್ಮನೇಗೆ ಬಂದು ಎಷ್ಟು ದಿನ ಆಯ್ತು?”

“ಒಂದು ತಿಂಗಳೂ ಆಗಿಲ್ಲ,” ಎಂದೆ.

ಅವರು ತಾಯಿಯ ಕಡೆ ತಿರುಗಿದರು. “ಇಲ್ಲಿಗೆ ಬರೋ ಮುಂಚೆ ಮಗು ಎಲ್ಲಿತ್ತು?”

“ಜಾಂಬಿಯಾದಲ್ಲಿ.”

“ಅದು ಗೊತ್ತು. ಜಾಂಬಿಯಾದಲ್ಲಿ ಎಲ್ಲಿ?”

ತಾಯಿ ಊರಿನ ಹೆಸರು ಹೇಳಿದಳು. ಡಾಕ್ಟರಿಗೆ ಗೊತ್ತಾಗಲಿಲ್ಲ. “ಆ ಊರಲ್ಲಿ ಏನಿದೆ?” ಎಂದರು.

“ಗಣಿ ಇತ್ತು. ಈಗ ಮುಚ್ಚಿದೆ.”

“ಏನು ಗಣಿ?”

“ಸೀಸದ್ದು. ಸತುವೂ ಇತ್ತು. ಆದರೆ ಹೆಚ್ಚಾಗಿ ಸೀಸ,” ಎಂದಳು ಅವಳು. ಹೇಳುತ್ತ ಹೇಳುತ್ತಲೇ ಅವಳ ಮುಖ ಬದಲಾಯಿತು. ಬಾಯಿ ತೆರೆದೇ ಇತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು. ಇಷ್ಟು ದಿನ ಅವಳನ್ನು ಎಲ್ಲರೂ ಬಣ್ಣದ ಬಗ್ಗೆ ಕೇಳಿದ್ದರು, ಆಟದ ಸಾಮಾನಿನ ಬಗ್ಗೆ ಕೇಳಿದ್ದರು, ನನ್ನ ಕುಂಕುಮದ ಬಗ್ಗೆ ಕೇಳಿದ್ದರು. ಊರಿನಲ್ಲಿ ಏನಿತ್ತೆಂದು ಒಬ್ಬರೂ ಕೇಳಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಕಂಡ ಊರು ಅದು.

ನನ್ನ ಮನೆಯಿಂದ ಒಯ್ದ ಸಾಮಾನಿನಲ್ಲಿ ದೋಷವೇನೂ ಇರಲಿಲ್ಲ. ಒಂದು ಕಿಟಕಿಯ ಹಳೆಯ ಬಣ್ಣದಲ್ಲಿ ಸ್ವಲ್ಪ ಸೀಸ ಸಿಕ್ಕಿತು, ಈ ರಸ್ತೆಯ ಎಲ್ಲ ಮನೆಗಳಲ್ಲೂ ಇರುವಷ್ಟು. ಅನುಮತಿ ಮರಳಿ ಬಂತು. ಆದರೆ ಹೋದ ಮಕ್ಕಳು ಬರಲಿಲ್ಲ, ಹೊಸಬರೂ ಬರಲಿಲ್ಲ. ಆ ವರ್ಷವೆಲ್ಲ ನನ್ನ ಬಳಿ ಇದ್ದದ್ದು ಅದೊಂದೇ ಮಗು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಸೀಸ ಇಳಿಸಿದರು. ಮನೆಗೆ ಕಳಿಸುವಾಗ ಕ್ಯಾಪ್ಸೂಲ್ ಮಾತ್ರೆ ಕೊಟ್ಟರು. ಅದನ್ನು ಬಿಚ್ಚಿ ಪುಡಿಯನ್ನು ಜಾಮಿನಲ್ಲಿ ಕಲಸಿ ತಿನ್ನಿಸಬೇಕಿತ್ತು. ಕೊಳೆತ ಮೊಟ್ಟೆಯ ವಾಸನೆ. ಹುಡುಗಿ ಕಣ್ಣು ಮುಚ್ಚಿ ನುಂಗಿ, “ಮುಗೀತಾ ಆಂಟಿ?” ಎಂದು ಕೇಳುತ್ತಿತ್ತು. ನನ್ನ ಮನೆಯಲ್ಲಿ ಅದು ಆಡಿದ ಮೊದಲ ಪೂರ್ತಿ ಮಾತು ಅದೇ. ರಕ್ತದಲ್ಲಿ ಸೀಸ ಇಳಿಯುತ್ತಿತ್ತು, ಮಾತ್ರೆ ನಿಲ್ಲಿಸಿದ ಕೆಲವು ವಾರಕ್ಕೆ ಮತ್ತೆ ಏರುತ್ತಿತ್ತು. ಎಲುಬಿನಲ್ಲಿ ಕೂತದ್ದು ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಇಳಿಯುತ್ತಿರುತ್ತದೆ, ಪೂರ್ತಿ ಹೋಗಲು ವರ್ಷಗಳೇ ಬೇಕು ಎಂದು ಡಾಕ್ಟರು ವಿವರಿಸಿದರು. ಮಿದುಳಿಗೆ ಆದ ಹಾನಿ ಮಾತ್ರ ಔಷಧದಿಂದ ವಾಸಿಯಾಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಕೆಲಸ ಮುಗಿಸಿ ಮಗುವನ್ನು ಕರೆದುಕೊಂಡು ಹೋಗಲು ಬಂದಾಗ ತಾಯಿ ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಊರಿನ ಬಗ್ಗೆ ಹೇಳುತ್ತಿದ್ದಳು. ಒಂದೇ ಸಲಕ್ಕೆ ಅಲ್ಲ, ದಿನಕ್ಕಿಷ್ಟು.

ಅವಳ ಅಪ್ಪ ಕುಲುಮೆಯಲ್ಲಿದ್ದ. ಅದಿರು ಕರಗಿಸುವ ಜಾಗ. ಕುಲುಮೆಯವರಿಗೆ ವಿಷ ಏರದಿರಲೆಂದು ಕಂಪನಿ ದಿನವೂ ಹಾಲು ಕೊಡುತ್ತಿತ್ತು. ಅಪ್ಪ ಅದನ್ನು ಕುಡಿಯದೆ ಮಕ್ಕಳಿಗೆ ತರುತ್ತಿದ್ದ. ಆಗಾಗ ಬೆರಳು ಚುಚ್ಚಿ ರಕ್ತ ನೋಡುತ್ತಿದ್ದರು. ಸೀಸ ಹೆಚ್ಚಾದವನನ್ನು ಅಂಗಳ ಗುಡಿಸುವ ಕೆಲಸಕ್ಕೆ ಹಾಕಿ, ಇಳಿದ ಮೇಲೆ ಮತ್ತೆ ಕುಲುಮೆಗೇ ಕಳಿಸುತ್ತಿದ್ದರು.

“ಅಂದ್ರೆ ಅವರಿಗೆ ಗೊತ್ತಿತ್ತು,” ಎಂದೆ ನಾನು.

“ಗಂಡಸರ ರಕ್ತ ನೋಡ್ತಿದ್ರು ಸಿಸ್ಟರ್. ಮಕ್ಕಳದ್ದು ನೋಡಿದ್ದು ನನಗೆ ನೆನಪಿಲ್ಲ.”

ಅಧಿಕಾರಿಗಳ ಬಂಗಲೆಗಳು ಗಾಳಿ ಬರುವ ಕಡೆಗೆ, ಕೂಲಿಗಳ ಮನೆಗಳು ಗಾಳಿ ಹೋಗುವ ಕಡೆಗೆ. ಕುಲುಮೆಯ ಚಿಮಣಿಯ ಹೊಗೆ ದಿನವೂ ಇವರ ಮೇಲೆಯೇ ಇಳಿಯುತ್ತಿತ್ತು. ಕರಗಿಸಿ ಉಳಿದ ಕಸವೆಲ್ಲ ಸೇರಿ ಊರ ಅಂಚಿನಲ್ಲಿ ಕರಿಯ ಗುಡ್ಡವಾಗಿತ್ತು. ಅದರ ಕೆಳಗಿನ ಬಯಲಿನಲ್ಲಿ ಹುಲ್ಲು ಬೆಳೆಯುತ್ತಿರಲಿಲ್ಲ. ನೆಲ ನುಣ್ಣಗಿದೆಯೆಂದು ಹುಡುಗರು ಅಲ್ಲೇ ಫುಟ್‌ಬಾಲ್ ಆಡುತ್ತಿದ್ದರು. ಗಣಿಯಿಂದ ಪಂಪು ಮಾಡಿದ ನೀರು ಕಾಲುವೆಯಲ್ಲಿ ಹರಿಯುತ್ತಿತ್ತು. ಅದೇ ಈಜುವ ಜಾಗ, ಬಟ್ಟೆ ಒಗೆಯುವ ಜಾಗ. ಅಪ್ಪ ಐವತ್ತರೊಳಗೇ ಕೈ ನಡುಕ ಹತ್ತಿ, ಹೊಟ್ಟೆನೋವಿನಲ್ಲಿ ಸತ್ತ. ಆಮೇಲೆ ಗಣಿ ಮುಚ್ಚಿತು. ಕಂಪನಿಯ ದವಾಖಾನೆ ಹೋಯಿತು, ಸಂಬಳ ಹೋಯಿತು. ಗುಡ್ಡ ಉಳಿಯಿತು. ಅವಳ ಗಂಡ ತಾಮ್ರದ ಗಣಿಗಳ ಕಡೆಗೆ ಕೆಲಸ ಹುಡುಕಿ ಹೋದವನು ತಿರುಗಿ ಬರಲಿಲ್ಲ. ಅವಳ ತಮ್ಮ ಬೇರೆ ದಾರಿ ಕಾಣದೆ ಗೆಳೆಯರ ಜೊತೆ ಆ ಗುಡ್ಡವನ್ನೇ ಅಗೆಯತೊಡಗಿದ. ಕಸದಲ್ಲಿ ಉಳಿದ ಸೀಸವನ್ನು ಜರಡಿ ಹಿಡಿದು ತೆಗೆದರೆ ಕೊಳ್ಳುವ ಲಾರಿಗಳು ಬರುತ್ತಿದ್ದವು. ಹೆಂಗಸರು ಅಲ್ಲೇ ಕೂತು ಕಟ್ಟಡಕ್ಕೆ ಕಲ್ಲು ಒಡೆಯುತ್ತಿದ್ದರು, ಬೆನ್ನಿಗೆ ಕೂಸು ಕಟ್ಟಿಕೊಂಡು.

ಅವಳ ತಾಯಿಯ ಬಳಿ ಈಗ ತಮ್ಮನ ಇಬ್ಬರು ಮಕ್ಕಳಿದ್ದರು. ಒಂದು ಭಾನುವಾರ ನಮ್ಮ ಮನೆಯ ಫೋನಿನಿಂದ ಊರಿಗೆ ಮಾತಾಡಿದಳು. ಅಲ್ಲಿ ಚರ್ಚಿನಲ್ಲಿ ಒಂದು ಫೋನಿತ್ತು, ಹೇಳಿದ ಹೊತ್ತಿಗೆ ತಾಯಿ ಬಂದು ಕಾಯುತ್ತಿದ್ದಳು. ಇವಳು ತನ್ನ ಭಾಷೆಯಲ್ಲಿ ಮೆಲ್ಲಗೆ ಶುರುಮಾಡಿದಳು. ಆಮೇಲೆ ದನಿ ಏರಿತು. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳುತ್ತ ನಿಂತಳು.

“ಏನಂದ್ರು?” ಎಂದು ಕೇಳಿದೆ.

“ಮಕ್ಕಳನ್ನ ಮಣ್ಣಲ್ಲಿ ಆಡೋಕೆ ಬಿಡಬೇಡ ಅಂದೆ. ಮಣ್ಣಲ್ಲಿ ಬೇಡ ಅಂದ್ರೆ ಗಾಳೀಲಿ ಆಡಬೇಕಾ ಅಂತಾಳೆ. ನೀನೂ ಇದೇ ಅಂಗಳದಲ್ಲಿ ಬೆಳೆದವಳು, ಲಂಡನ್ನಿಗೆ ಹೋದ ಮೇಲೆ ನಮ್ಮ ಅಂಗಳ ನಿನಗೆ ವಿಷ ಆಯಿತಾ ಅಂತಾಳೆ.” ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದಳು. “ಮಗು ಬದುಕಿದೆಯಾ ಅಂತ ಮೂರು ಸಲ ಕೇಳಿದಳು. ಅಳ್ತಿದ್ದಳು.”

ಡಾಕ್ಟರು ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಊರು ಬಿಟ್ಟು ವರ್ಷಗಳಾಗಿದ್ದರೂ ಅವಳಲ್ಲೂ ಸೀಸವಿತ್ತು. ಔಷಧ ಬೇಕಾಗುವಷ್ಟಲ್ಲ ಎಂದರು.

ಮುಂದಿನ ವರ್ಷ ಅವಳ ಊರಿನಲ್ಲಿ ಮಳೆಗಾಲ ಶುರುವಾದಾಗ ಗುಡ್ಡ ಕುಸಿಯಿತು. ಅವಳ ತಮ್ಮ ಗುಡ್ಡದ ಬುಡದಲ್ಲಿ ಬಿಲ ತೋಡಿ ಒಳಗೆ ಹೋಗಿದ್ದ. ಸುದ್ದಿ ಏರ್‌ಪೋರ್ಟಿನ ಸೂಪರ್‌ವೈಸರ್ ಮೂಲಕ ಅವಳಿಗೆ ಮುಟ್ಟಿತು. ಅವಳು ಕೈಯಲ್ಲಿದ್ದ ವಿಮಾನ ಮುಗಿಸಿ, ಅದರ ನಂತರದ ವಿಮಾನವನ್ನೂ ಮುಗಿಸಿ, ಎಂದಿನ ಹೊತ್ತಿಗೆ ನಮ್ಮ ಮನೆಗೆ ಬಂದಳು. ಚಹಾ ಸೋಸುತ್ತಿದ್ದ ನನಗೆ, “ನನ್ನ ತಮ್ಮ ಸತ್ತ, ಸಿಸ್ಟರ್,” ಎಂದಳು. ಕುರ್ಚಿ ಎಳೆದು ಕೂಡಿಸಿದೆ. ಅವಳು ಅಳಲಿಲ್ಲ. ಹೆಣವನ್ನು ಹೊರಗೆ ತೆಗೆಯಲು ಎರಡು ದಿನ ಬೇಕಾಯಿತೆಂದು ಹೇಳಿದಳು. ಕರಿಯ ಮಣ್ಣು ಒದ್ದೆಯಾದರೆ ಸಿಮೆಂಟಿನ ಹಾಗೆ ಹಿಡಿಯುತ್ತದಂತೆ.

ತಮ್ಮನ ಮಣ್ಣಿಗೆ ಹೋಗಲು ಅವಳಿಗಾಗಲಿಲ್ಲ. ಇಲ್ಲಿ ಉಳಿಯುವ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ, ದೇಶ ಬಿಟ್ಟರೆ ಮರಳಿ ಒಳಗೆ ಬಿಡುತ್ತಾರೆಂಬ ಭರವಸೆಯಿರಲಿಲ್ಲ. ಮಗುವಿನ ಔಷಧವೂ ನಡೆದಿತ್ತು. ಅವಳ ಚರ್ಚಿನ ಹೆಂಗಸರು ಕೂಡಿ ಪ್ರಾರ್ಥನೆ ಮಾಡಬೇಕೆಂದಿದ್ದರು, ಆದರೆ ಅವಳಿದ್ದದ್ದು ಒಂದು ಕೋಣೆಯ ಫ್ಲ್ಯಾಟು.

“ಇಲ್ಲೇ ಮಾಡ್ಲಿ ಬಿಡು,” ಎಂದರು ನನ್ನ ಗಂಡ. “ಆಕಿ ಖೋಲ್ಯಾಗ ಅಷ್ಟು ಮಂದಿ ಎಲ್ಲಿ ಹಿಡೀತಾರ?”

ಹೀಗೆ ಆ ಶನಿವಾರ ನಮ್ಮ ಮುಂದಿನ ಕೋಣೆಯ ಸೋಫಾಗಳನ್ನು ಗೋಡೆಗೆ ಸರಿಸಿದೆವು. ಹೆಂಗಸರು ಬಂದು ನೆಲದ ಮೇಲೆ ಕಾಲು ಚಾಚಿ ಕೂತರು. ಒಬ್ಬಳು ಎತ್ತಿದ ಹಾಡಿಗೆ ಉಳಿದವರು ಬೇರೆ ಬೇರೆ ಎತ್ತರದಲ್ಲಿ ದನಿಗೂಡಿಸಿದರು. ನಮ್ಮ ಸಣ್ಣ ಮನೆಯ ಕಿಟಕಿಯ ಗಾಜು ನಡುಗಿತು. ಆಗ ಅವಳು ಅತ್ತಳು. ಮುಂದಕ್ಕೆ ಬಾಗಿ ನೆಲಕ್ಕೆ ಹಣೆ ಮುಟ್ಟಿಸಿ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತ ಅತ್ತಳು. ಪಕ್ಕದವಳು ನನಗೆ ಅರ್ಥ ಹೇಳಿದಳು. “ನಾನು ಹೊತ್ತು ತಿರುಗಿದ ಕೂಸು ಅಂತಾಳೆ. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಇವಳೇ.” ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಸೊಪ್ಪಿನ ಪಲ್ಯ ಮಾಡಿ ತಂದಿದ್ದರು. ಎಲ್ಲರೂ ಕೈಯಿಂದಲೇ ಉಂಡೆವು. ಮಾಳಿಗೆಯ ಕೋಣೆಯಿಂದ ನನ್ನ ಮಗಳು ಇಳಿದುಬಂದು, ಯಾರೂ ಹೇಳದೆ, ಆ ಹುಡುಗಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಆಮೇಲೆ ಕೆಲವು ತಿಂಗಳು ಮಗುವಿನ ತಾಯಿಗೆ ಒಂದು ಹಟ ಹಿಡಿಯಿತು. ಯಾರಾದರೂ ಉತ್ತರ ಕೊಡಬೇಕು ಎಂಬ ಹಟ. ಪುಕ್ಕಟೆ ಕಾನೂನು ಸಲಹೆ ಕೊಡುವ ಕಡೆಗೆ ಹೋಗೋಣ, ಜೊತೆಗೆ ಬನ್ನಿ ಎಂದಳು. ಅಲ್ಲಿದ್ದ ವಕೀಲ ವಯಸ್ಸಿನಲ್ಲಿ ಚಿಕ್ಕವನು, ಮೃದು ಮಾತಿನವನು. ಮತ್ತೆ ಬನ್ನಿ ಎಂದು ಸಮಯ ಕೇಳಿ, ತನಗೆ ಸಿಕ್ಕಷ್ಟನ್ನು ಓದಿಕೊಂಡು ಬಂದಿದ್ದ. ಗಣಿ ಶುರುಮಾಡಿದವರು ಒಬ್ಬರು, ಅವರಿಂದ ಕೊಂಡವರು ಇನ್ನೊಬ್ಬರು, ಆಮೇಲೆ ಸರ್ಕಾರದ ಕೈಗೆ ಹೋಯಿತು, ಮುಚ್ಚಿದ ಮೇಲೆ ಜಾಗ ತುಂಡು ತುಂಡಾಗಿ ಯಾರು ಯಾರಿಗೋ ಹೋಗಿದೆ. ಇವರಲ್ಲಿ ಯಾರ ಕಾಲದ ಸೀಸ ಯಾವ ಮಗುವಿನ ಎಲುಬಿನಲ್ಲಿದೆ ಎಂದು ತೋರಿಸುವುದು ಹೇಗೆ ಎಂದು ಕೇಳಿದ.

“ಗುಡ್ಡ ಅಲ್ಲೇ ಇದೆಯಲ್ಲ,” ಎಂದಳು ಅವಳು. “ಅಷ್ಟು ದೊಡ್ಡ ಗುಡ್ಡ. ಅದಕ್ಕೆ ಒಬ್ಬ ಯಜಮಾನ ಇರಲೇಬೇಕಲ್ಲ?”

ವಕೀಲ ಮುಂದಿದ್ದ ಕಾಗದಗಳನ್ನು ಜೋಡಿಸಿ ಮುಚ್ಚಿದ. “ಇರಬೇಕು,” ಎಂದ ಕಡೆಗೆ. “ಆದರೆ ನನಗೆ ಸಿಗಲಿಲ್ಲ. ಕ್ಷಮಿಸಿ.”

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತೆವು. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಹುಡುಗಿಯನ್ನು ಶಾಲೆಗೆ ಹಾಕಿದರು. ಹೊಟ್ಟೆನೋವು ಹೋಯಿತು, ಮೈ ತುಂಬಿತು, ಫಿಟ್ಸ್ ಮತ್ತೆ ಬರಲಿಲ್ಲ. ನೋಡಿದವರಿಗೆ ಏನೂ ಆಗಿಲ್ಲವೆನ್ನಿಸುತ್ತಿತ್ತು. ಆದರೆ ಸೋಮವಾರ ಕಲಿತ ಅಕ್ಷರ ಗುರುವಾರ ಇರುತ್ತಿರಲಿಲ್ಲ. ತನಗಿಂತ ಸಣ್ಣ ಮಕ್ಕಳು ಓದುವುದನ್ನು ಕಂಡು ಪುಸ್ತಕ ಹರಿಯುತ್ತಿತ್ತು. ಒಮ್ಮೆ ಸಿಟ್ಟಿನಲ್ಲಿ ತನ್ನ ಕೈಯನ್ನೇ ರಕ್ತ ಬರುವ ಹಾಗೆ ಕಚ್ಚಿಕೊಂಡಿತು. ಬೇರೆ ಶಾಲೆಗೆ, ನಿಧಾನ ಕಲಿಯುವ ಮಕ್ಕಳ ಶಾಲೆಗೆ ಕಳಿಸಿದರು. ನಾನು ಚೈಲ್ಡ್‌ಮೈಂಡರ್ ಕೆಲಸ ಬಿಟ್ಟು ಒಂದು ಶಾಲೆಯ ಅಡುಗೆಮನೆಗೆ ಸೇರಿದೆ. ಹುಡುಗಿಯ ತಾಯಿಗೆ ಈ ದೇಶದಲ್ಲಿ ಉಳಿಯುವ ಅನುಮತಿ ಸಿಕ್ಕಿತು. ಎರಡು ಸಾವಿರದ ಇಸವಿ ಕಳೆದ ಮೇಲೆ ಚರ್ಚಿನಲ್ಲಿ ಪರಿಚಯವಾದ ಒಬ್ಬ ಬಸ್ ಡ್ರೈವರನ್ನು ಮದುವೆಯಾಗಿ ಲಂಡನ್ನಿನ ಇನ್ನೊಂದು ತುದಿಯ ಈಸ್ಟ್ ಹ್ಯಾಮ್‌ಗೆ ಹೋದಳು. ಒಳ್ಳೆಯ ಮನುಷ್ಯ, ಹುಡುಗಿಯನ್ನು ತನ್ನ ಮಗಳೆಂದೇ ಕರೆಯುತ್ತಿದ್ದ. ನಾನು ಸೀರೆಗೆ ಫಾಲ್ ಹಚ್ಚಿಸಲು ಆ ಕಡೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ.

ಅಂಥ ಒಂದು ದಿನ ಬಾಗಿಲು ತೆರೆದಾಗ ಅವಳು ಬಸುರಿಯೆಂದು ತಿಳಿಯಿತು. ನಾನು ಹಿಗ್ಗಿ ಕೈ ಹಿಡಿದೆ. ಅವಳ ಮುಖದಲ್ಲಿ ಹಿಗ್ಗಿರಲಿಲ್ಲ.

“ಕ್ಲಿನಿಕ್‌ನಲ್ಲಿ ಸೀಸ ನೋಡಿ ಅಂತ ನಾನೇ ಕೇಳಿದೆ, ಸಿಸ್ಟರ್. ಯಾಕೆ ಬೇಕು ಅಂದರು. ಹಟ ಮಾಡಿದ ಮೇಲೆ ನೋಡಿದರು. ಏರಿದೆ.”

“ಏರೋದು ಹೇಗೆ? ನೀವು ಊರು ಬಿಟ್ಟು ಹತ್ತು ವರ್ಷ ಆಗ್ತಾ ಬಂತು!”

“ಕೂಸಿಗೆ ಎಲುಬು ಬೇಕಲ್ಲ. ನನ್ನ ಎಲುಬಿನಿಂದ ತಗೊಳ್ಳುತ್ತದಂತೆ. ಸುಣ್ಣದ ಜೊತೆ ಸೀಸವೂ ಬರುತ್ತದಂತೆ.”

ಅವಳು ಕ್ಯಾಲ್ಸಿಯಂ ಮಾತ್ರೆ ನುಂಗಿದಳು, ಹಾಲು ಕುಡಿದಳು, ಹೇಳಿದ್ದೆಲ್ಲ ಮಾಡಿದಳು. ಗಂಡುಮಗು ಹುಟ್ಟಿತು. ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಸೀಸ ಸಿಕ್ಕಿತು. ಅಕ್ಕನಲ್ಲಿ ಇದ್ದದ್ದಕ್ಕೆ ಹೋಲಿಸಿದರೆ ಏನೇನೂ ಅಲ್ಲ, ಹೆದರಬೇಡಿ, ಎದೆಹಾಲು ಕುಡಿಸಿ, ಆಗಾಗ ಪರೀಕ್ಷೆ ಮಾಡೋಣ ಎಂದರು ಅಲ್ಲಿಯವರು. ನಾನು ನೋಡಲು ಹೋದಾಗ ಅವಳು ಕೂಸನ್ನು ಎದೆಗೆ ಹಾಕಿಕೊಂಡು ಅದು ನುಂಗುವುದನ್ನೇ ದಿಟ್ಟಿಸುತ್ತಿದ್ದಳು. ಹೆತ್ತ ತಾಯಿ ಮಗುವಿಗೆ ಹಾಲು ಕೊಡುವಾಗ ಅಂಥ ಭಯ ಕಣ್ಣಲ್ಲಿ ಇರುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಹುಡುಗನಿಗೆ ನಾಲ್ಕಾಗಿದ್ದಾಗ ಊರಿನಲ್ಲಿ ಅವಳ ತಾಯಿ ತೀರಿಕೊಂಡಳು. ಈ ಸಲ ಹೋಗಲು ಅಡ್ಡಿಯಿರಲಿಲ್ಲ. ಅವಳ ಗಂಡನಿಗೆ ಅಷ್ಟೂ ದಿನ ರಜ ಸಿಗಲಿಲ್ಲ. ಮಕ್ಕಳಿಬ್ಬರನ್ನೂ ನಮ್ಮಲ್ಲಿಗೆ ತಂದುಬಿಟ್ಟಳು. ಮಗನಿಗೆ ಅಜ್ಜಿಯ ಮುಖ ಒಮ್ಮೆಯಾದರೂ ತೋರಿಸಬಾರದಿತ್ತೇ ಎಂದು ಚರ್ಚಿನ ಹೆಂಗಸರು ಆಕ್ಷೇಪಿಸಿದರಂತೆ. ಅವಳು ಜಗ್ಗಲಿಲ್ಲ.

ಹದಿಮೂರು ದಾಟಿದ ಹುಡುಗಿ ತಮ್ಮನನ್ನು ಚೆನ್ನಾಗಿ ನೋಡಿಕೊಂಡಿತು. ಬೂಟಿನ ಲೇಸು ಕಟ್ಟಲು ಅದಕ್ಕೆ ಬರುತ್ತಿರಲಿಲ್ಲ. ಆ ಕೆಲಸವನ್ನು ತಮ್ಮನೇ ಕಲಿತು ಅಕ್ಕನ ಬೂಟಿಗೂ ಕಟ್ಟುತ್ತಿದ್ದ.

ತಾಯಿ ಹೀಥ್ರೂನಿಂದ ನೇರ ನಮ್ಮ ಮನೆಗೇ ಬಂದಳು. ಗಂಟೆಯ ಸದ್ದಿಗೆ ಹುಡುಗ ನನಗಿಂತ ಮುಂಚೆ ಓಡಿ ಹೋಗಿ ಬಾಗಿಲು ತೆರೆದ. “ಮಮ್ಮಿ” ಎಂದು ತೋಳು ಚಾಚಿದ.

“ಮುಟ್ಟಬೇಡ!” ತಾಯಿಯ ದನಿಗೆ ಅವನು ನಿಂತಲ್ಲೇ ನಿಂತ. “ಸಿಸ್ಟರ್, ಅವನನ್ನ ಹಿಡ್ಕೊಳ್ಳಿ. ನನ್ನ ಹತ್ತಿರ ಬಿಡಬೇಡಿ.”

ಹುಡುಗ ಕಿರುಚಿ ಅಳತೊಡಗಿದ. ನಾನು ಅವನನ್ನು ಎತ್ತಿಕೊಂಡು ಹಿಂದೆ ಸರಿದೆ. ಅವಳು ಬೂಟನ್ನು ಹೊರಗೇ ಬಿಟ್ಟಳು, ಕೋಟನ್ನು ಹೊರಗೇ ಬಿಟ್ಟಳು. ಯಾರನ್ನೂ ಸೋಕದೆ ಗೋಡೆಯ ಬದಿಯಿಂದ ಬಚ್ಚಲಿಗೆ ಹೋದಳು. ನೀರಿನ ಸದ್ದು ತುಂಬ ಹೊತ್ತು ಕೇಳಿಸಿತು. ನನ್ನ ನೈಟಿ ಹಾಕಿಕೊಂಡು, ಒದ್ದೆ ತಲೆಯಲ್ಲಿ ಹೊರಬಂದಳು. ಬಿಚ್ಚಿದ ಬಟ್ಟೆಯೆಲ್ಲವನ್ನೂ ಕಸದ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದಳು. ಆಮೇಲೆ ಸೋಫಾದ ಮೇಲೆ ಕೂತು ಮಗನಿಗೆ ಕೈ ಚಾಚಿದಳು. ಅವನು ಮುನಿಸಿಕೊಂಡು ನನ್ನ ಕುತ್ತಿಗೆ ಬಿಡಲಿಲ್ಲ. ಅಕ್ಕನೇ ಅವನನ್ನು ಬಿಡಿಸಿ ತಾಯಿಯ ತೊಡೆಯ ಮೇಲೆ ಕೂಡಿಸಿತು.

ನಾನು ಊಟಕ್ಕೆ ಬಡಿಸಿದೆ. ಅವಳು ಒಂದಿಷ್ಟು ಅನ್ನ ಕಲಸಿ ಹಾಗೇ ಬಿಟ್ಟು ಹೇಳತೊಡಗಿದಳು. ಯಾರೋ ಹೊರಗಿನವರು ಬಂದು ಕೆಲವು ಮನೆಗಳ ಅಂಗಳದ ಮಣ್ಣು ತೆಗೆದು ಹೊಸ ಮಣ್ಣು ಹಾಕಿದ್ದಾರಂತೆ. ಅವಳ ತಾಯಿಯ ಅಂಗಳಕ್ಕೂ ಹಾಕಿದ್ದರು. ಒಣಗಾಳಿಯಲ್ಲಿ ಗುಡ್ಡದ ದೂಳು ಮತ್ತೆ ಬಂದು ಅದರ ಮೇಲೆ ಕೂತಿದೆ. ತಮ್ಮನ ಮಗ ಅಪ್ಪ ಸತ್ತ ಕಡೆಯೇ ಅಗೆಯಲು ಹೋಗುತ್ತಾನೆ. ತಮ್ಮನ ಮಗಳು ಕಲ್ಲು ಒಡೆಯುತ್ತಾಳೆ, ಬಸುರಿ.

“ಅವಳಿಗೆ ಹೇಳಿದ್ರಾ?” ಎಂದು ಕೇಳಿದೆ.

“ಹೇಳಿದೆ. ಎಲ್ಲಾ ಹೇಳಿದೆ, ಎಲುಬಿಂದು, ಹಾಲಿಂದು, ಎಲ್ಲಾ. ಕೇಳಿಸಿಕೊಂಡಳು. ಆಮೇಲೆ, ಹಾಗಾದ್ರೆ ನಾನು ಎಲ್ಲಿಗೆ ಹೋಗಲಿ ಅತ್ತೆ, ಅಂದಳು.” ಮಗನ ತಲೆಯನ್ನು ಎದೆಗೆ ಒತ್ತಿಕೊಂಡಳು. “ಮರುದಿನ ಬೆಳಿಗ್ಗೆ ಕಲ್ಲು ಒಯ್ಯೋ ಲಾರಿ ಬಂತು, ಸಿಸ್ಟರ್. ಅವಳು ಸುತ್ತಿಗೆ ತಗೊಂಡು ಹೋದಳು.”